ಎದುರಿಗಿಲ್ಲದ ಓದುಗನ ಪರವಾಗಿ: ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ



ಗ್ರಂಥಾಲಯ ವಿಜ್ಞಾನಕ್ಕೂ ದತ್ತಿ ಉಪನ್ಯಾಸಕ್ಕೂ ಹಳೆಯ ನಂಟಿದೆ. ಡಾ. ಎಸ್. ಆರ್. ರಂಗನಾಥನ್ ಅವರು 1961ರಲ್ಲಿ, ಪತ್ನಿಯ ಹೆಸರನ್ನು ಮುಂದಿಟ್ಟು, ಬೆಂಗಳೂರಿನಲ್ಲಿ ಶಾರದಾ ರಂಗನಾಥನ್ ಗ್ರಂಥಾಲಯ ವಿಜ್ಞಾನ ದತ್ತಿಯನ್ನು ಸ್ಥಾಪಿಸಿದರು. ಆ ದತ್ತಿಯ ಉಪನ್ಯಾಸ ಮಾಲೆಯಲ್ಲಿ ಅಮೆರಿಕದ ಗ್ರಂಥಾಲಯ ವಿದ್ವಾಂಸ ಜೆಸ್ಸಿ ಶೇರಾ ಅವರ ಉಪನ್ಯಾಸಗಳೂ ಇವೆ. 1970ರಲ್ಲಿ ಅವು ಪುಸ್ತಕವಾಗಿ ಬಂದವು. ಶೇರಾ ಡಾಕ್ಟರೇಟ್ ಪಡೆದದ್ದು 1944ರಲ್ಲಿ, ಇಲ್ಲೇ ಹತ್ತಿರದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ. ಶಿಕಾಗೊದಲ್ಲಿ ಬೆಳೆದ ವಿಚಾರವನ್ನು ಬೆಂಗಳೂರಿನ ದತ್ತಿ ಆಸ್ಥೆಯಿಂದ ಬರಮಾಡಿಕೊಂಡಿತು. ಅದೇ ವಿದ್ಯೆಯ ವಿಚಾರವನ್ನು ಶಿಕಾಗೊ ಪಕ್ಕದ ಈ ಪ್ಲೇನ್‌ಫೀಲ್ಡಿನ ದತ್ತಿ ಉಪನ್ಯಾಸದಲ್ಲಿ ಕನ್ನಡದಲ್ಲಿ ಮಾತಾಡುವ ಅವಕಾಶ ಕೊಟ್ಟಿದ್ದೀರಿ, ನಿಮಗೆ ಕೃತಜ್ಞತೆಗಳು.

ಮಕ್ಕಳ ಓದಿನ ವಿಚಾರ ಬಂದರೆ ನಮ್ಮ ಮನೆಗಳಲ್ಲಿ ಕಂಪ್ಯೂಟರ್, ವೈದ್ಯಕೀಯ, ಹಣಕಾಸು, ಇವುಗಳ ಸುತ್ತಲೇ ಮಾತು ನಡೆಯುತ್ತದೆ. ಮಗಳೊಬ್ಬಳು ‘ನಾನು ಲೈಬ್ರರಿ ಸೈನ್ಸ್ ಓದುತ್ತೇನೆ’ ಎಂದರೆ ತಂದೆತಾಯಿಗೆ ಮೊದಲು ಬರುವ ಪ್ರಶ್ನೆ: ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸಕ್ಕೆ ಸ್ನಾತಕೋತ್ತರ ಪದವಿ ಯಾಕೆ? ಕೇಳಬೇಕಾದ ಪ್ರಶ್ನೆಯೇ ಇದು. ಪುಸ್ತಕ ಕೊಟ್ಟು ತೆಗೆದುಕೊಳ್ಳುವುದಕ್ಕೆ ಆ ಪದವಿ ಬೇಕಿಲ್ಲ. ಇಲ್ಲಿನ ಲೈಬ್ರರಿಗಳು ಆ ಕೆಲಸಕ್ಕೆ ಅದನ್ನು ಕೇಳುವುದೂ ಇಲ್ಲ. ಆದರೆ ಕೌಂಟರಿನ ಹಿಂದೆ ದಿನವೂ ಕೆಲವು ತೀರ್ಮಾನಗಳು ನಡೆಯುತ್ತವೆ. ಯಾವ ಪುಸ್ತಕ ಕೊಳ್ಳಬೇಕು, ಯಾವುದನ್ನು ಬಿಡಬೇಕು? ಕೊಂಡದ್ದನ್ನು ಯಾವ ಹೆಸರಿನಡಿ, ಎಲ್ಲಿ ಇಡಬೇಕು? ಯಾವುದನ್ನು ನೂರು ವರ್ಷ ಕಾಪಾಡಬೇಕು? ಯಾರು ಏನು ಓದಿದರೆಂಬುದನ್ನು ಯಾರಿಗೆ ಹೇಳಬಾರದು? ಈ ತೀರ್ಮಾನಗಳ ಫಲ ಯಾರಿಗೆ ಸೇರಬೇಕೋ ಆ ಓದುಗ ಆ ಹೊತ್ತಿಗೆ ಎದುರಿಗೆ ಇರುವುದಿಲ್ಲ. ಎಷ್ಟೋ ಸಲ ಅವನಿನ್ನೂ ಹುಟ್ಟಿರುವುದೂ ಇಲ್ಲ. ಅವನ ಪರವಾಗಿ ಸರಿಯಾಗಿ ತೀರ್ಮಾನಿಸುವ ಯೋಗ್ಯತೆ ಕೊಡುವುದೇ ಈ ಪದವಿಯ ಗುರಿ. ಅದರ ನಿಯಮಗಳೂ ಪಠ್ಯವಿಷಯಗಳೂ ಈ ಗುರಿಯಿಂದ ನೋಡಿದಾಗಲೇ ಅರ್ಥವಾಗುತ್ತವೆ.

ಪದವಿ ಬೆಳೆದುಬಂದ ದಾರಿ

ಮೊದಲ ಗ್ರಂಥಾಲಯ ಶಾಲೆಯನ್ನು ಮೆಲ್ವಿಲ್ ಡ್ಯೂಯಿ 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ತೆರೆದರು. ಮೊದಲ ತರಗತಿಯ 20 ವಿದ್ಯಾರ್ಥಿಗಳಲ್ಲಿ 17 ಮಂದಿ ಮಹಿಳೆಯರು. ಮಹಿಳೆಯರನ್ನು ಸೇರಿಸಿಕೊಂಡದ್ದು ಕಾಲೇಜಿನ ಆಡಳಿತದವರಿಗೆ ಹಿಡಿಸಲಿಲ್ಲ. ಎರಡು ವರ್ಷದಲ್ಲಿ ಶಾಲೆ ಆಲ್ಬನಿಗೆ ಹೋಯಿತು. ಅಲ್ಲಿ ಕಲಿತ ಕ್ಯಾಥರೀನ್ ಶಾರ್ಪ್ 1893ರಲ್ಲಿ ಶಿಕಾಗೊದ ಆರ್ಮರ್ ಇನ್‌ಸ್ಟಿಟ್ಯೂಟಿನಲ್ಲಿ ಶಾಲೆಯೊಂದನ್ನು ಕಟ್ಟಿದರು. 1897ರಲ್ಲಿ ಅದು ಅರ್ಬಾನಾದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿತು, ಇಂದಿಗೂ ನಡೆಯುತ್ತಿದೆ.

ಆ ಕಾಲದ ಶಾಲೆಗಳು ಹೆಚ್ಚಾಗಿ ಕಸುಬಿನ ಶಾಲೆಗಳು. 1923ರಲ್ಲಿ ಚಾರ್ಲ್ಸ್ ವಿಲಿಯಮ್ಸನ್ ಅವರು ಕಾರ್ನೆಗಿ ಸಂಸ್ಥೆಗಾಗಿ ಬರೆದ ವರದಿ ಒಂದು ಗೆರೆ ಎಳೆಯಿತು: ಗುಮಾಸ್ತೆ ಕೆಲಸವೇ ಬೇರೆ, ವೃತ್ತಿಪರರ ಕೆಲಸವೇ ಬೇರೆ, ಎರಡನೆಯದಕ್ಕೆ ವಿಶ್ವವಿದ್ಯಾಲಯದಲ್ಲಿ, ಪದವಿ ಮುಗಿಸಿದವರಿಗೆ, ಶಿಕ್ಷಣ ನಡೆಯಬೇಕು. ಅದೇ ಕಾರ್ನೆಗಿ ಹಣದಿಂದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ 1926ರಲ್ಲಿ ಸ್ಥಾಪನೆಗೊಂಡ ಗ್ರಾಜುಯೇಟ್ ಲೈಬ್ರರಿ ಸ್ಕೂಲು ಈ ವಿಷಯದಲ್ಲಿ ಮೊದಲ ಬಾರಿಗೆ ಡಾಕ್ಟರೇಟ್ ಕೊಟ್ಟಿತು. ಜನ ಏನು ಓದುತ್ತಾರೆ, ಯಾಕೆ ಓದುತ್ತಾರೆ, ಓದು ಸಮಾಜದಲ್ಲಿ ಏನು ಮಾಡುತ್ತದೆ ಎಂಬುದನ್ನು ಸಮಾಜಶಾಸ್ತ್ರದ ಶಿಸ್ತಿನಿಂದ ಕೇಳಿದ ಶಾಲೆ ಅದು. 1951ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಹೊಸ ಮಾನದಂಡ ತಂದ ಮೇಲೆ ಸ್ನಾತಕೋತ್ತರ ಪದವಿಯೇ ಈ ವೃತ್ತಿಯ ಬಾಗಿಲಾಯಿತು. ಶಿಕಾಗೊದ ಆ ಹೆಸರಾಂತ ಶಾಲೆ 1989ರಲ್ಲಿ ಮುಚ್ಚಿತು. ಎಷ್ಟು ದೊಡ್ಡ ಹೆಸರಿದ್ದರೂ ಈ ವಿದ್ಯೆ ತನ್ನ ಗುರಿಯನ್ನು ಪ್ರತಿ ತಲೆಮಾರಿಗೂ ಮತ್ತೆ ವಿವರಿಸಬೇಕು ಎಂಬುದು ಅದರಿಂದ ನಾವು ಕಲಿಯಬೇಕಾದ ಪಾಠ.

ನಮ್ಮ ಕಡೆಯ ಕಥೆ ಇದರ ಜೊತೆಜೊತೆಗೇ ಸಾಗುತ್ತದೆ. 1910ರಲ್ಲಿ ಬರೋಡದ ಮಹಾರಾಜರು ಅಮೆರಿಕದ ಗ್ರಂಥಪಾಲಕ ವಿಲಿಯಂ ಬೋರ್ಡನ್ ಅವರನ್ನು ಕರೆಸಿಕೊಂಡರು. ಗಣಿತದ ಮೇಷ್ಟರಾಗಿದ್ದ ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ಲಂಡನ್ನಿಗೆ ಹೋಗಿ ಓದಿ ಬಂದು, 1929ರಲ್ಲಿ ಮದ್ರಾಸಿನಲ್ಲಿ ತರಬೇತಿ ಶುರುಮಾಡಿದರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರವಾದ ಡಿಆರ್‌ಟಿಸಿಯನ್ನು ಕಟ್ಟಿದರು. ಅದೇ ದಶಕದಲ್ಲಿ ಧಾರವಾಡ, ಮೈಸೂರುಗಳಲ್ಲೂ ಗ್ರಂಥಾಲಯ ವಿಜ್ಞಾನದ ವಿಭಾಗಗಳು ಬಂದವು.

ಸೇರಲು ಏನು ಬೇಕು, ಓದುವುದು ಏನು

ಇಲ್ಲಿ ಈ ಪದವಿಗೆ ಸೇರಲು ಯಾವುದೇ ವಿಷಯದ ಬ್ಯಾಚುಲರ್ ಪದವಿ ಸಾಕು. ಇತಿಹಾಸ ಓದಿದವರು, ಸಂಗೀತ ಓದಿದವರು, ಎಂಜಿನಿಯರಿಂಗ್ ಓದಿದವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅಂಕಪಟ್ಟಿ, ಯಾಕೆ ಓದಬೇಕೆಂದಿದ್ದೀರಿ ಎಂಬುದನ್ನು ವಿವರಿಸುವ ಬರಹ, ಶಿಫಾರಸು ಪತ್ರ, ಇವು ಸಾಮಾನ್ಯವಾಗಿ ಕೇಳುವ ದಾಖಲೆಗಳು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪದವಿಗೆ 40 ಕ್ರೆಡಿಟ್. ರಿವರ್ ಫಾರೆಸ್ಟಿನ ಡೊಮಿನಿಕನ್ ವಿಶ್ವವಿದ್ಯಾಲಯದಲ್ಲೂ ಡೆಟ್ರಾಯ್ಟಿನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲೂ 36. ಆನ್ ಆರ್ಬರಿನ ಮಿಶಿಗನ್ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನದ ಪದವಿಗೆ 48. ಇಲಿನಾಯ್ ಶಾಲೆ 1996ರಿಂದಲೇ ದೂರದಲ್ಲಿದ್ದವರಿಗೆ ಇಂಟರ್‌ನೆಟ್ ಮೂಲಕ ಪಾಠ ಹೇಳುತ್ತಿದೆ. ಹಗಲು ಲೈಬ್ರರಿಯಲ್ಲಿ ದುಡಿದು ರಾತ್ರಿ ಓದಿ ಪದವಿ ಪಡೆಯುವವರು ಬಹಳ.

ಸೇರುವ ಮೊದಲು ನೋಡಬೇಕಾದ ಮುಖ್ಯ ಸಂಗತಿ, ಆ ಕೋರ್ಸಿಗೆ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಮಾನ್ಯತೆ ಇದೆಯೇ ಎಂಬುದು. ಅಮೆರಿಕ, ಕೆನಡಾ, ಪೋರ್ಟೊ ರಿಕೊ ಸೇರಿ ಅರವತ್ತಕ್ಕೂ ಹೆಚ್ಚು ಕೋರ್ಸುಗಳಿಗೆ ಅದಿದೆ. ಗ್ರಂಥಪಾಲಕರ ಹುದ್ದೆಯ ಜಾಹೀರಾತುಗಳು ಸಾಮಾನ್ಯವಾಗಿ ಅದನ್ನೇ ಕೇಳುತ್ತವೆ. ಧಾರವಾಡದಲ್ಲೋ ಮೈಸೂರಿನಲ್ಲೋ ಎಂ.ಲಿಬ್. ಮುಗಿಸಿ ಇಲ್ಲಿಗೆ ಬಂದ ಸೊಸೆಯಂದಿರು, ಹೆಣ್ಣುಮಕ್ಕಳು ಈ ಮಾತನ್ನು ಗಮನಿಸಬೇಕು. ಆ ಮಾನ್ಯತೆ ಭಾರತದ ಪದವಿಗಳಿಗೆ ಅನ್ವಯಿಸುವುದಿಲ್ಲ. ಹಾಗೆಂದು ನಿಮ್ಮ ಓದು ವ್ಯರ್ಥವಾಗಿಲ್ಲ. ಪದವಿಯ ಸಮಾನತೆಯ ಮೌಲ್ಯಮಾಪನ ಮಾಡಿಸಿ ಅರ್ಜಿ ಹಾಕಬಹುದು. ಶಾಲೆಯ ಲೈಬ್ರರಿಗೆ ಹೋಗಬೇಕೆನ್ನುವವರಿಗೆ ಇಲಿನಾಯ್ ರಾಜ್ಯದ ಶಿಕ್ಷಕರ ಪರವಾನಗಿಯೂ ಬೇಕಾಗುತ್ತದೆ. ಭಾರತದಲ್ಲಿ ಹೆಚ್ಚಿನ ಕಡೆ ಬಿ.ಲಿಬ್. ಒಂದು ವರ್ಷ, ಎಂ.ಲಿಬ್. ಒಂದು ವರ್ಷ, ಇಲ್ಲವೇ ಎರಡೂ ಸೇರಿದ ಎರಡು ವರ್ಷದ ಕೋರ್ಸು. ಕಾಲೇಜು ಗ್ರಂಥಪಾಲಕರಾಗಲು ಯುಜಿಸಿ ನಿಯಮದಂತೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ, ಮೇಲೆ ನೆಟ್ ಅಥವಾ ಪಿಎಚ್.ಡಿ. ಬೇಕು.

ಪಠ್ಯವಿಷಯಗಳಿಗೆ ಬರೋಣ. ಮಾಹಿತಿಯ ವ್ಯವಸ್ಥೆ, ಪರಾಮರ್ಶನ ಸೇವೆ, ಪುಸ್ತಕಗಳ ಆಯ್ಕೆ, ಗ್ರಂಥಾಲಯ ಮತ್ತು ಸಮಾಜ, ಆಡಳಿತ, ಸಂಶೋಧನಾ ವಿಧಾನ, ದಾಖಲೆಗಳ ಸಂರಕ್ಷಣೆ, ಡೇಟಾಬೇಸು, ಮಕ್ಕಳ ಸಾಹಿತ್ಯ, ಕೊನೆಗೆ ಯಾವುದಾದರೊಂದು ಲೈಬ್ರರಿಯಲ್ಲಿ ಪ್ರಾಯೋಗಿಕ ಕೆಲಸ. ಪಟ್ಟಿಯಾಗಿ ಓದಿದರೆ ಇವು ಒಣ ಹೆಸರುಗಳು. ಅವುಗಳಲ್ಲಿ ಎರಡನ್ನು ಹತ್ತಿರದಿಂದ ತೋರಿಸುತ್ತೇನೆ.

ವಚನದ ಪುಸ್ತಕ ಎಲ್ಲಿ ಕೂರಬೇಕು

ಬಸವಣ್ಣನವರ ವಚನಗಳ ಒಂದು ಪುಸ್ತಕ ಲೈಬ್ರರಿಗೆ ಬಂತು ಎನ್ನಿ. ಪುಸ್ತಕಗಳನ್ನು ವಿಷಯವಾರು ಸಂಖ್ಯೆಗಳಲ್ಲಿ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ಹಿಂದೂ ಧರ್ಮದ್ದು 294.5. ಮೊದಲನೆಯದನ್ನು ಕೊಟ್ಟರೆ ಪುಸ್ತಕ ಕುವೆಂಪು, ಬೇಂದ್ರೆ ಅವರ ಪಕ್ಕದಲ್ಲಿ ಕೂರುತ್ತದೆ. ಎರಡನೆಯದನ್ನು ಕೊಟ್ಟರೆ ಉಪನಿಷತ್ತು, ಗೀತೆಗಳ ನೆರೆಗೆ ಹೋಗುತ್ತದೆ. ಶರಣರ ಮಾತು ಸಾಹಿತ್ಯವೋ ಧರ್ಮವೋ, ಧರ್ಮವಾದರೆ ಯಾವ ಧರ್ಮ, ಎಂಬುದರ ಬಗ್ಗೆ ನಮ್ಮಲ್ಲೇ ದೊಡ್ಡ ಚರ್ಚೆಯಿದೆ. ಸೂಚೀಕರಣ, ಅಂದರೆ ಕ್ಯಾಟಲಾಗ್ ಮಾಡುವವರು ಆ ಚರ್ಚೆ ಮುಗಿಯುವವರೆಗೆ ಕಾಯುವಂತಿಲ್ಲ; ಸಂಜೆಯೊಳಗೆ ಪುಸ್ತಕದ ಬೆನ್ನಿಗೆ ಒಂದು ಸಂಖ್ಯೆ ಅಂಟಿಸಲೇಬೇಕು. ಷೆಲ್ಫಿನ ಮೇಲೆ ಪುಸ್ತಕಕ್ಕೆ ಒಂದೇ ಜಾಗ. ಕ್ಯಾಟಲಾಗಿನಲ್ಲಿ ಮಾತ್ರ ಎಷ್ಟು ಬಾಗಿಲು ಬೇಕಾದರೂ ತೆರೆಯಬಹುದು. ವಚನ ಸಾಹಿತ್ಯ, ಲಿಂಗಾಯತರು, ಹನ್ನೆರಡನೆಯ ಶತಮಾನದ ಕರ್ನಾಟಕ, ಭಕ್ತಿಕಾವ್ಯ ಎಂದು ನಾಲ್ಕು ಕಡೆಯಿಂದ ಬರುವ ನಾಲ್ಕು ಓದುಗರಿಗೂ ಅದೇ ಪುಸ್ತಕ ಸಿಗುವಂತೆ ಮಾಡುವುದು ಕಲಿತವರ ಕೆಲಸ.

ಹೆಸರಿನದು ಇನ್ನೊಂದು ಕಷ್ಟ. ಬಸವ, ಬಸವಣ್ಣ, ಬಸವೇಶ್ವರ ಒಬ್ಬರೇ ಎಂದು ಕಂಪ್ಯೂಟರಿಗೆ ಯಾರಾದರೂ ಹೇಳಿಕೊಡಬೇಕು. ಕುವೆಂಪು ಎಂದು ಹುಡುಕಿದವರಿಗೆ ಕೆ. ವಿ. ಪುಟ್ಟಪ್ಪ ಎಂದು ಅಚ್ಚಾದ ಪುಸ್ತಕವೂ ಸಿಗಬೇಕು. ಕೊನೆಯ ಪದವೇ ಮನೆತನದ ಹೆಸರು ಎಂಬ ಇಲ್ಲಿನ ಲೆಕ್ಕ ಶಿವರಾಮ ಕಾರಂತರಿಗೆ ಸರಿಹೋಗುತ್ತದೆ. ಊರು, ತಂದೆಯ ಹೆಸರು ಮುಂದೆ ಬಂದು ಸ್ವಂತ ಹೆಸರು ಕೊನೆಗಿರುವ ಯು. ಆರ್. ಅನಂತಮೂರ್ತಿ, ಎಸ್. ಎಲ್. ಭೈರಪ್ಪ ಅವರಿಗೆ ಆ ಲೆಕ್ಕ ಹೊಂದುವುದಿಲ್ಲ. ಇದನ್ನು ಬಲ್ಲವರು ಕ್ಯಾಟಲಾಗಿನ ಹಿಂದೆ ಕೂರದಿದ್ದರೆ ಪುಸ್ತಕ ಕಟ್ಟಡದಲ್ಲಿದ್ದೂ ಓದುಗನಿಗೆ ಸಿಗುವುದಿಲ್ಲ.

ಇದು ಬರೀ ಕಲ್ಪನೆಯ ಮಾತಲ್ಲ. ಅಮೆರಿಕದಿಂದ ಬಂದ ಗೋಧಿಗೆ ಭಾರತ ರೂಪಾಯಿಯಲ್ಲಿ ಕೊಟ್ಟ ಹಣದ ಒಂದು ಪಾಲಿನಿಂದ, 1962ರಿಂದ, ಪಿಎಲ್-480 ಯೋಜನೆಯಡಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಲಾಯಿತು. ಶಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಗ್ರಹ ಹಾಗೆ ಬೆಳೆಯಿತು. ಮೈಸೂರಿನ ಎ. ಕೆ. ರಾಮಾನುಜನ್ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ, ವಚನಗಳ ಇಂಗ್ಲಿಷ್ ಅನುವಾದವನ್ನು 1973ರಲ್ಲಿ ಪ್ರಕಟಿಸಿದರು. ಹಾಗೆ ಹಡಗೇರಿ ಬಂದ ಕನ್ನಡ ಪುಸ್ತಕಗಳು ವಿದ್ವಾಂಸರ ಕೈಗೆ ಸಿಗುವಂತೆ ಮಾಡಿದ್ದು ಹೆಸರೂ ಗೊತ್ತಿಲ್ಲದ ಸೂಚಿಕಾರರ ದುಡಿಮೆ.

ಕೇಳಿದ ಪ್ರಶ್ನೆ, ಕೇಳದ ಪ್ರಶ್ನೆ

ಎರಡನೆಯದು ರೆಫರೆನ್ಸ್ ಡೆಸ್ಕ್. ಮಗನ ಮನೆಗೆ ಬಂದಿರುವ ಹಿರಿಯರೊಬ್ಬರು ಅಲ್ಲಿಗೆ ಬಂದು ‘ಸಕ್ಕರೆ ಕಾಯಿಲೆಯ ಪುಸ್ತಕ ಎಲ್ಲಿದೆ’ ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಕಲಿಯದವರು ಡ್ಯೂಯಿ ಸಂಖ್ಯೆ 616ರ ಷೆಲ್ಫಿನ ಕಡೆ ಕೈ ತೋರಿಸುತ್ತಾರೆ. ಕಲಿತವರು ಎದ್ದು ನಿಂತು ‘ಯಾವ ಬಗೆಯ ವಿಷಯ ನೋಡಬೇಕಿತ್ತು ನಿಮಗೆ’ ಎಂದು ವಿಚಾರಿಸುತ್ತಾರೆ. ಎರಡು ಮಾತಾದ ಮೇಲೆ ತಿಳಿಯುತ್ತದೆ: ವೈದ್ಯರು ಮಾತ್ರೆ ಬದಲಿಸಿದ್ದಾರೆ, ಮುದ್ದೆ, ಅನ್ನ ಎಷ್ಟು ಉಣ್ಣಬಹುದು ಎಂಬುದು ಅವರ ಚಿಂತೆ. ವೈದ್ಯಶಾಸ್ತ್ರದ ದಪ್ಪ ಪುಸ್ತಕ ಅವರಿಗೆ ಉಪಯೋಗವಿಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಮೆಡ್‌ಲೈನ್‌ಪ್ಲಸ್ ಎಂಬ ಜಾಲತಾಣದ ಆಹಾರದ ಪುಟ ತೆರೆದು, ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಟ್ಟು, ಮುಂದಿನ ಸಲ ವೈದ್ಯರನ್ನು ಏನು ಕೇಳಬಹುದು ಎಂದು ಬರೆದುಕೊಳ್ಳಲು ನೆರವಾಗುತ್ತಾರೆ. ಯಾವ ಮಾತ್ರೆ ಒಳ್ಳೆಯದು ಎಂಬ ಮಾತನ್ನು ಮಾತ್ರ ಆಡುವುದಿಲ್ಲ. ಎಲ್ಲಿ ನಿಲ್ಲಬೇಕು ಎಂಬುದೂ ಪಾಠದ ಭಾಗವೇ.

ಮನಸ್ಸಿನಲ್ಲಿರುವ ಅಗತ್ಯ ಬಾಯಿಗೆ ಬರುವಷ್ಟರಲ್ಲಿ ಹೇಗೆ ರೂಪ ಬದಲಿಸುತ್ತದೆ ಎಂಬುದನ್ನು ರಾಬರ್ಟ್ ಟೇಲರ್ 1968ರ ಒಂದು ಲೇಖನದಲ್ಲಿ ನಾಲ್ಕು ಹಂತಗಳಾಗಿ ವಿವರಿಸಿದ್ದಾರೆ. ಆ ಲೇಖನ ಈ ವಿಷಯದ ಮೂಲಪಾಠಗಳಲ್ಲೊಂದು. 1970ರಲ್ಲಿ ಡೆಟ್ರಾಯ್ಟ್ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರಾದ ಕ್ಲಾರಾ ಸ್ಟ್ಯಾಂಟನ್ ಜೋನ್ಸ್ ಈ ಪಾಠವನ್ನು ಇಡೀ ಊರಿಗೆ ವಿಸ್ತರಿಸಿದರು. ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ಮಹಿಳೆ ಅವರು. ಕೆಲಸ ಎಲ್ಲಿದೆ, ಬಾಡಿಗೆ ತಕರಾರಿಗೆ ಯಾರನ್ನು ಕಾಣಬೇಕು, ಊಟದ ನೆರವು ಎಲ್ಲಿ ಸಿಗುತ್ತದೆ, ಇಂಥ ಪ್ರಶ್ನೆಗಳಿಗೂ ಉತ್ತರ ಹುಡುಕಿಕೊಡುವ ಸೇವೆಯನ್ನು ಅವರ ಲೈಬ್ರರಿ ನಡೆಸಿತು. ಅವರೇ 1976ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಮೊದಲ ಕಪ್ಪು ಅಧ್ಯಕ್ಷರಾದರು.

ಕಾಪಾಡುವ ಹೊಣೆ

1990ರ ಆಗಸ್ಟ್ 28ರಂದು ಈ ಪ್ಲೇನ್‌ಫೀಲ್ಡಿಗೆ ಬಡಿದ ಸುಂಟರಗಾಳಿಗೆ 29 ಮಂದಿ ಬಲಿಯಾದರು, ಹೈಸ್ಕೂಲು ನೆಲಸಮವಾಯಿತು. ಮಳೆಯ ಮರೆಯಲ್ಲಿ ನುಗ್ಗಿದ ಆ ಗಾಳಿಯ ಚಿತ್ರವೇ ಇಲ್ಲ ಎನ್ನುತ್ತಾರೆ. ಹಾಗಿದ್ದ ಮೇಲೆ ಅಂದಿನ ಪತ್ರಿಕೆಗಳು, ಮರುದಿನ ತೆಗೆದ ಫೋಟೊಗಳು, ಬದುಕಿ ಉಳಿದವರು ಹೇಳಿದ ಮಾತುಗಳೇ ಆ ದಿನದ ಸಾಕ್ಷಿ. ಇಂದಿನ ಶಾಲಾ ಹುಡುಗಿಯೊಬ್ಬಳು ತನ್ನೂರಿನ ಬಗ್ಗೆ ಬರೆಯಹೊರಟಾಗ ಅವು ಸಿಗಬೇಕಾದರೆ, ಅವಳು ಹುಟ್ಟುವ ಮೊದಲೇ ಯಾರೋ ಆರಿಸಿ, ವಿವರ ಬರೆದು, ಕೆಡದಂತೆ ಇಟ್ಟಿರಬೇಕು.

ಮೈಸೂರಿನಲ್ಲಿ ಇದಕ್ಕೆ ಉಜ್ವಲ ಉದಾಹರಣೆಯಿದೆ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟನ್ನು ಒಪ್ಪಿಸಿದರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಭಾರತದ ಪ್ರಾಚೀನ ರಾಜ್ಯನೀತಿಯ ಬಗ್ಗೆ ಲೋಕದ ತಿಳಿವಳಿಕೆಯೇ ಬದಲಾಯಿತು. ಕೈಗೆ ಬಂದದ್ದು ಏನೆಂದು ಗುರುತಿಸಬಲ್ಲ ಮನುಷ್ಯ ಅಲ್ಲಿ ಕೂತಿದ್ದರಿಂದ ಅದಾಯಿತು.

ಕಾಪಾಡಬೇಕಾದದ್ದು ಪುಸ್ತಕ ಮಾತ್ರವಲ್ಲ, ಓದುಗನ ಗುಟ್ಟು ಕೂಡ. ಇಲಿನಾಯ್ ಕಾನೂನಿನ ಪ್ರಕಾರ ಯಾರು ಯಾವ ಪುಸ್ತಕ ಒಯ್ದರು ಎಂಬ ದಾಖಲೆ ಗೋಪ್ಯ; ಸಾಮಾನ್ಯವಾಗಿ ನ್ಯಾಯಾಲಯದ ಆದೇಶವಿಲ್ಲದೆ ಅದನ್ನು ಹೊರಗೆ ಕೊಡುವಂತಿಲ್ಲ. ಆಯ್ಕೆಯ ಸ್ವಾತಂತ್ರ್ಯಕ್ಕೂ ಇದೇ ರಾಜ್ಯ ದೇಶಕ್ಕೆ ಮೊದಲು ಕಾನೂನಿನ ಬಲ ಕೊಟ್ಟಿತು. 2023ರ ಜೂನ್ 12ರಂದು ಸಹಿಯಾಗಿ 2024ರ ಜನವರಿಯಿಂದ ಜಾರಿಗೆ ಬಂದ ಕಾಯಿದೆಯಂತೆ, ಪಕ್ಷಪಾತದ ಇಲ್ಲವೇ ಸಿದ್ಧಾಂತದ ಒತ್ತಡಕ್ಕೆ ಮಣಿದು ಪುಸ್ತಕ ನಿಷೇಧಿಸುವ ಲೈಬ್ರರಿಗೆ ರಾಜ್ಯದ ಅನುದಾನ ಸಿಗುವುದಿಲ್ಲ. ಒತ್ತಡ ಬಂದಾಗ ಲಿಖಿತ ನೀತಿಯೊಂದನ್ನು ಮುಂದಿಟ್ಟು ಸಮಾಧಾನವಾಗಿ ಮಾತಾಡುವುದನ್ನು ಗ್ರಂಥಪಾಲಕರು ಕಲಿಯುವುದು ಈ ಪದವಿಯ ತರಗತಿಗಳಲ್ಲೇ.

ಕರ್ನಾಟಕಕ್ಕೆ ಇದರಿಂದ ಏನು

ಇಲ್ಲಿನ ಲೈಬ್ರರಿ ಡಿಸ್ಟ್ರಿಕ್ಟುಗಳು ಮುಖ್ಯವಾಗಿ ನಾವು ಕಟ್ಟುವ ಆಸ್ತಿ ತೆರಿಗೆಯಿಂದ, ನಾವೇ ಆರಿಸಿದ ಟ್ರಸ್ಟಿಗಳ ಕೈಕೆಳಗೆ ನಡೆಯುತ್ತವೆ. ಕರ್ನಾಟಕದ ಬೇರೂ ಇಂಥದ್ದೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸಿತು. ಬಡವರ ಮನೆಯ ಮಗುವಿಗೂ ಪುಸ್ತಕ ಸಿಗಬೇಕು, ಅದಕ್ಕೆ ಊರೇ ಹಣ ಕೊಡಬೇಕು ಎಂಬ ದೊಡ್ಡ ಮನಸ್ಸಿನ ಕಾನೂನು ಅದು. ಇಂದು ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರ ‘ಓದುವ ಬೆಳಕು’ ಕಾರ್ಯಕ್ರಮ ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಅವುಗಳನ್ನು ನಡೆಸುವ ಮೇಲ್ವಿಚಾರಕರ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕಿಲ್ಲ, ಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ ಆ ಮೇಲ್ವಿಚಾರಕರಿಗೆ ಪುಸ್ತಕ ಆರಿಸುವುದನ್ನು, ಓದುಗರನ್ನು ವಿಚಾರಿಸುವುದನ್ನು ಸ್ಥಳದಲ್ಲೇ ಹೇಳಿಕೊಡುವ, ವರ್ಷವಿಡೀ ಜೊತೆಗಿರುವ ಸ್ನಾತಕೋತ್ತರ ಪದವೀಧರರು ಪ್ರತಿ ತಾಲ್ಲೂಕಿಗೂ ಬೇಕು.

ಪಾಂಡವಪುರದ ಹತ್ತಿರ ಹರಳಹಳ್ಳಿಯ ಅಂಕೇಗೌಡರು ಬಸ್ ಕಂಡಕ್ಟರಾಗಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಗಳಿಸಿದ್ದನ್ನೆಲ್ಲ ಸುರಿದು ಲಕ್ಷಾಂತರ ಪುಸ್ತಕಗಳ ‘ಪುಸ್ತಕ ಮನೆ’ ಕಟ್ಟಿದ್ದಾರೆ. ಆ ತ್ಯಾಗದ ಮುಂದೆ ಯಾವ ಪದವಿಯೂ ದೊಡ್ಡದಲ್ಲ. ಅಂಥ ಸಂಗ್ರಹದ ಒಂದೊಂದು ಪುಸ್ತಕವೂ ಬೀದರಿನಲ್ಲೋ ಕಾಸರಗೋಡಿನಲ್ಲೋ ಡೆಟ್ರಾಯ್ಟಿನಲ್ಲೋ ಕುಳಿತ ಓದುಗನಿಗೆ ಗೊತ್ತಾಗಬೇಕಾದರೆ ಪ್ರತಿಯೊಂದಕ್ಕೂ ತಪ್ಪಿಲ್ಲದ ದಾಖಲೆ ಬೇಕು. ಪುಸ್ತಕ ಕೂಡಿಸುವುದು ಪ್ರೀತಿಯ ಕೆಲಸ. ಅದನ್ನು ಓದುಗನವರೆಗೆ ತಲುಪಿಸುವುದು ವಿದ್ಯೆಯ ಕೆಲಸ. ಎರಡೂ ಕೂಡಿದರೆ ಕನ್ನಡಕ್ಕೆ ಬಲ. ಪ್ರತಿ ಪುಸ್ತಕವೂ ಬಳಕೆಯಾಗಬೇಕು, ಓದುಗನ ಹೊತ್ತು ಹಾಳಾಗಬಾರದು ಎಂದು ರಂಗನಾಥನ್ 1931ರಲ್ಲಿ ಸೂತ್ರರೂಪದಲ್ಲಿ ಹೇಳಿದ್ದರ ತಿರುಳೂ ಇದೇ.

ಕೊನೆಯಲ್ಲಿ ಕೆಲವು ಬೇಡಿಕೆಗಳು

ಈ ಸಭೆಯಲ್ಲಿರುವ ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. ಮಗ ಅಥವಾ ಮಗಳು ಈ ವಿದ್ಯೆಯ ಕಡೆ ವಾಲಿದರೆ ತಡೆಯಬೇಡಿ. ಸಂಬಳ ಸಾಫ್ಟ್‌ವೇರಿನಷ್ಟು ಬರುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಊರಿನ ಗೌರವ, ಪ್ರತಿದಿನವೂ ಯಾರಿಗಾದರೂ ನೆರವಾದ ತೃಪ್ತಿ, ಎರಡೂ ಸಿಗುತ್ತವೆ. ಯುವಕರಲ್ಲಿ ಒಂದು ಮಾತು: ಮೊದಲು ಹತ್ತಿರದ ಲೈಬ್ರರಿಯಲ್ಲಿ ಸ್ವಯಂಸೇವಕರಾಗಿ ಕೆಲಸ ಮಾಡಿ ನೋಡಿ, ಆಮೇಲೆ ಅರ್ಜಿ ಹಾಕಿ. ಇಂಗ್ಲಿಷಿನ ಜೊತೆ ಕನ್ನಡ ಓದಲು ಬರೆಯಲು ಬಲ್ಲ ಸೂಚಿಕಾರರು ಈ ದೇಶದಲ್ಲಿ ಬಹಳ ಕಡಿಮೆ. ಮನೆಯಲ್ಲಿ ಕಲಿತ ನಿಮ್ಮ ಕನ್ನಡ ಇಲ್ಲಿ ವೃತ್ತಿಯ ಯೋಗ್ಯತೆಯೂ ಆಗಬಲ್ಲದು.

ಕನ್ನಡ ಕೂಟಗಳಲ್ಲಿ ಎರಡು ಕೋರಿಕೆ. ಊರಿಂದ ತಂದ ಪುಸ್ತಕಗಳನ್ನು ಲೈಬ್ರರಿಗೆ ಕೊಡುವ ಮೊದಲು ಅಲ್ಲಿನವರೊಡನೆ ಕೂತು ಮಾತಾಡಿ. ಲೇಖಕರ ಹೆಸರು, ಶೀರ್ಷಿಕೆ, ಪ್ರಕಟವಾದ ವರ್ಷಗಳನ್ನು ಇಂಗ್ಲಿಷ್ ಲಿಪಿಯಲ್ಲೂ ಬರೆದ ಪಟ್ಟಿ ಜೊತೆಗಿರಲಿ, ಇಲ್ಲವಾದರೆ ದಾನದ ಪೆಟ್ಟಿಗೆ ಮೂಲೆ ಸೇರುತ್ತದೆ. ಈ ಪದವಿ ಓದುವ ಕನ್ನಡ ವಿದ್ಯಾರ್ಥಿಗೆ ವರ್ಷಕ್ಕೊಂದು ಸಣ್ಣ ವಿದ್ಯಾರ್ಥಿವೇತನವನ್ನೂ ಇಡಿ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಒಂದು ಬಿನ್ನಹ: ಎಂ.ಲಿಬ್. ಪಠ್ಯದಲ್ಲಿ ಕನ್ನಡ ಹೆಸರುಗಳ ಸೂಚೀಕರಣವನ್ನೂ ತಾಳೆಗರಿಗಳ ರಕ್ಷಣೆಯನ್ನೂ ಮುಖ್ಯ ವಿಷಯಗಳಾಗಿ ಕಲಿಸಿ. ಪ್ರಾಯೋಗಿಕ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಒಂದು ತಿಂಗಳಾದರೂ ಪಂಚಾಯಿತಿ ಗ್ರಂಥಾಲಯಕ್ಕೆ ಕಳಿಸಿ.

ಈ ವಿದ್ಯೆ ಓದುವವರಿಗೆ ಕಲಿಸುವುದು ಮುಖ್ಯವಾಗಿ ಇಷ್ಟು: ನಾಳೆ ಬರುವವನ ಹಕ್ಕನ್ನು ಇವತ್ತೇ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಅವನ ಜಾತಿ, ಭಾಷೆ, ಹಣ, ವಯಸ್ಸು ಯಾವುದನ್ನೂ ಕೇಳದೆ ಅವನ ಪ್ರಶ್ನೆಗೆ ಬೆಲೆ ಕೊಡುವ ಮನೆಯೊಂದು ಪ್ರತಿ ಊರಿನಲ್ಲೂ ಇರಬೇಕು, ಅದನ್ನು ನಡೆಸಲು ಚೆನ್ನಾಗಿ ಓದಿದವರು ಇರಬೇಕು. ಅವರಲ್ಲಿ ಕನ್ನಡದ ಮಕ್ಕಳೂ ಇರಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.